ಮಂಡಿನೋವಿದ್ದವರಿಗೆ ಯಾವ ಯೋಗ?

ಪ್ರಶ್ನೆ: ನನಗೆ 48 ವರ್ಷ. ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಮಂಡಿ ನೋಯುತ್ತದೆ. ಯೋಗಕ್ಕೆ ಹೊಸಬಳು. ಅಷ್ಟಾಂಗ ವಿನ್ಯಾಸವೋ, ಅಯ್ಯಂಗಾರ್ ಪದ್ಧತಿಯೋ?
– ಓದುಗರು, ರಾಯಚೂರು

ಉತ್ತರ: ತಾಯಿ, ಮೊದಲು ಮೂಳೆ ವೈದ್ಯರಿಗೆ ಮಂಡಿ ತೋರಿಸಿ. ಆಮೇಲೆ ಅಯ್ಯಂಗಾರ್ ಪದ್ಧತಿಯನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ.

ಎರಡನ್ನೂ ಬೆಳೆಸಿದವರು ಮೈಸೂರಿನಲ್ಲಿ ಕಲಿಸುತ್ತಿದ್ದ ಕೃಷ್ಣಮಾಚಾರ್ಯರ ಶಿಷ್ಯರೇ. ಪಟ್ಟಾಭಿ ಜೋಯಿಸರ ಅಷ್ಟಾಂಗ ವಿನ್ಯಾಸದಲ್ಲಿ ಉಸಿರಿನ ಲೆಕ್ಕಕ್ಕೆ ಆಸನಗಳು ಒಂದರ ಹಿಂದೊಂದು ಬರುತ್ತವೆ. ಗಟ್ಟಿ ಮೈಗೆ ಅದು ಚೆಂದ. 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರು ಕುರ್ಚಿ, ಮಡಿಸಿದ ಕಂಬಳಿ, ಪಟ್ಟಿ, ಮರದ ಇಟ್ಟಿಗೆಗಳ ಆಸರೆಯಲ್ಲಿ ನಿಧಾನವಾಗಿ, ಕರಾರುವಾಕ್ಕಾಗಿ ನಿಲ್ಲುವುದನ್ನು ಕಲಿಸಿದರು. ನಿಮಗೆ ಬೇಕಾದದ್ದು ಆ ಆಸರೆ.

ಆದರೆ ಫಲಕದ ಮೇಲಿನ ಹೆಸರಿಗಿಂತ ಗುರುವೇ ಮುಖ್ಯ. ಹಣ ಕಟ್ಟುವ ಮುನ್ನ ಒಂದು ತರಗತಿಯನ್ನು ಸುಮ್ಮನೆ ಕುಳಿತು ನೋಡಿ. ನಿಮ್ಮ ಮಂಡಿಯ ಬಗ್ಗೆ ಅವರೇ ಕೇಳಿದರೇ? ಮಂಡಿ ಮಡಿಸಿ ಹಿಮ್ಮಡಿಯ ಮೇಲೆ ಕೂರುವ ವಜ್ರಾಸನ ಆಗದವರಿಗೆ ಕಂಬಳಿ ಕೊಟ್ಟರೇ, ಅಥವಾ ಭುಜ ಹಿಡಿದು ಒತ್ತಿದರೇ? ಒತ್ತುವವರಿದ್ದರೆ ಅಲ್ಲಿಂದ ಎದ್ದು ಬನ್ನಿ. ನೋವು ಸಹಿಸಿಕೊಳ್ಳಿ ಎನ್ನುವ ಗುರುವನ್ನು ನಾನು ಒಪ್ಪುವುದೇ ಇಲ್ಲ.

ನಮ್ಮ ಭಾಗದ ಬೇಸಿಗೆ 40 ಡಿಗ್ರಿ ದಾಟುವಂಥದ್ದು, ಹಾಗಾಗಿ ಸೂರ್ಯ ಏರುವ ಮೊದಲಿನ ತರಗತಿಯೇ ಇರಲಿ. ಕೋಣೆ ಕಾಯಿಸಿ ಮಾಡಿಸುವ ಯೋಗ ನಿಮಗೆ ಬೇಡ. ಹೊಟ್ಟೆ ಖಾಲಿ ಇರಲಿ. ವರ್ಷದ ಶುಲ್ಕ ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎಂದರೂ ಮೊದಲು ಒಂದೇ ತಿಂಗಳಿಗೆ ಕಟ್ಟಿ.