ಒಂದೇ ಮನೆಯ ಎರಡು ವರದಿಗಳು

ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ಡಾಕ್ಟರರಿಗೆ ನಮಸ್ಕಾರಗಳು. ನಮ್ಮ ಊರಿನ ಆರೋಗ್ಯ ಶಿಬಿರದಲ್ಲಿ ನಾನೂ ನಮ್ಮ ಮನೆಯವರೂ ಒಟ್ಟಿಗೆ ರಕ್ತ ಕೊಟ್ಟಿದ್ದೆವು. ನನ್ನ ವಯಸ್ಸು 43. ನನ್ನ ಒಟ್ಟು ಕೊಲೆಸ್ಟ್ರಾಲ್ 224, ಎಚ್‌ಡಿಎಲ್ 72, ಟ್ರೈಗ್ಲಿಸರೈಡ್ 90, ಎಲ್‌ಡಿಎಲ್ 134 ಬಂದಿವೆ. ಅವರಿಗೆ 49 ವರ್ಷ, ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಅವರ ಅಂಕಿಗಳು ಕ್ರಮವಾಗಿ 212, 38, 240 ಮತ್ತು 126. ಅವರು ಬಿಪಿ ಗುಳಿಗೆ ತೆಗೆದುಕೊಳ್ಳುತ್ತಾರೆ, ತಂಬಾಕು ಹಾಕುತ್ತಾರೆ. ಅವರ ಅಣ್ಣ 48ನೇ ವರ್ಷದಲ್ಲಿ ಹೃದಯಾಘಾತದಿಂದ ತೀರಿಕೊಂಡರು. ನಾನು ಅವರ ಬಗ್ಗೆ ಚಿಂತೆ ಮಾಡಿದರೆ, "ನಂದಕ್ಕಿಂತ ನಿಂದ ಜಾಸ್ತಿ ಐತಿ, ಮೊದಲ ನಿಂದ ನೋಡ್ಕೊ" ಎನ್ನುತ್ತಾರೆ. ಯಾರಿಗೆ ಹೆಚ್ಚು ಅಪಾಯ?
— ಜಮಖಂಡಿ ತಾಲೂಕಿನ ಓದುಗರು

ಉತ್ತರ: ತಾಯಿ, ನಿಮ್ಮ ಚಿಂತೆಯೇ ಸರಿಯಾಗಿದೆ. ಒಟ್ಟು ಕೊಲೆಸ್ಟ್ರಾಲ್ ಮತ್ತು ಎಲ್‌ಡಿಎಲ್ ಎರಡೂ ನಿಮ್ಮಲ್ಲಿಯೇ ಹೆಚ್ಚಿವೆ ಎಂಬುದು ನಿಜ. ಆದರೂ ಮುಂದಿನ ಹತ್ತು ವರ್ಷಗಳಲ್ಲಿ ಹೃದಯಾಘಾತವಾಗುವ ಸಾಧ್ಯತೆ ನಿಮ್ಮ ಯಜಮಾನರಿಗೇ ಬಹಳ ಹೆಚ್ಚು. ಈ ಎರಡು ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟು ಓದುವುದನ್ನು ಕಲಿತರೆ ಕೊಲೆಸ್ಟ್ರಾಲ್ ಪರೀಕ್ಷೆಯ ಮುಕ್ಕಾಲು ಪಾಲು ತಿಳಿದಂತೆ. ಆದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಕೊಲೆಸ್ಟ್ರಾಲ್ ಜಿಡ್ಡಿನ ಪದಾರ್ಥ. ಅದು ರಕ್ತದಲ್ಲಿ ತಾನಾಗಿ ಕರಗುವುದಿಲ್ಲವಾದ್ದರಿಂದ ಯಕೃತ್ತು ಅದನ್ನು ಪ್ರೋಟೀನಿನ ಸಣ್ಣ ಸಣ್ಣ ಗಾಡಿಗಳಲ್ಲಿ ತುಂಬಿ ಕಳಿಸುತ್ತದೆ. ಎಲ್‌ಡಿಎಲ್ ಎಂಬ ಗಾಡಿಗಳು ಸರಕನ್ನು ದೇಹದ ಅಂಗಾಂಗಗಳಿಗೆ ಒಯ್ಯುತ್ತವೆ. ಅವು ಹೆಚ್ಚಾದಾಗ ರಕ್ತನಾಳದ ಗೋಡೆಯೊಳಗೆ ನುಸುಳಿ, ಅಲ್ಲಿಯೇ ಸಿಕ್ಕಿಕೊಂಡು, ವರ್ಷಗಳು ಕಳೆದಂತೆ ಗಡ್ಡೆಯಾಗಿ ಬೆಳೆಯುತ್ತವೆ. ಒಟ್ಟು ಕೊಲೆಸ್ಟ್ರಾಲ್ ಎಂದರೆ ಎಲ್ಲ ಬಗೆಯ ಗಾಡಿಗಳಲ್ಲಿರುವ ಸರಕಿನ ಮೊತ್ತ. ನಿಮ್ಮ 224ರಲ್ಲಿ 72 ಎಚ್‌ಡಿಎಲ್ ಎಂಬ, ಸರಕನ್ನು ಯಕೃತ್ತಿಗೆ ಮರಳಿ ತರುವ ಗಾಡಿಗಳದು, ಅದು ಗೋಡೆಯಲ್ಲಿ ಗಡ್ಡೆ ಕಟ್ಟುವ ಸರಕಲ್ಲ. ಅದನ್ನು ಕಳೆದರೆ ಉಳಿಯುವುದು 152. ನಿಮ್ಮ ಯಜಮಾನರ 212ರಲ್ಲಿ 38 ಕಳೆದರೆ 174. ಹೀಗೆ ಕಳೆದು ಉಳಿದ ಅಂಕಿಗೆ ನಾನ್-ಎಚ್‌ಡಿಎಲ್ ಎನ್ನುತ್ತಾರೆ. ಅನೇಕ ಪ್ರಯೋಗಾಲಯಗಳು ಅದನ್ನು ಮುದ್ರಿಸುವುದೇ ಇಲ್ಲ, ಆದರೆ ಒಂದು ಕಳೆಯುವ ಲೆಕ್ಕ ಬಂದರೆ ಸಾಕು, ಯಾರು ಬೇಕಾದರೂ ಕಂಡುಕೊಳ್ಳಬಹುದು. ಇಲ್ಲಿಗೆ ನಿಮ್ಮ ಮನೆಯ ಲೆಕ್ಕ ತಿರುಗಿ ನಿಂತಿತು.

ಹಾಗಿದ್ದರೆ ಎಲ್‌ಡಿಎಲ್ ಅವರದು 126, ನಿಮ್ಮದು 134 ಹೇಗೆ ಎಂದು ನೀವು ಕೇಳಬಹುದು. ಹೆಚ್ಚಿನ ಪ್ರಯೋಗಾಲಯಗಳು ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವುದಿಲ್ಲ. ಒಟ್ಟು ಕೊಲೆಸ್ಟ್ರಾಲಿನಲ್ಲಿ ಎಚ್‌ಡಿಎಲ್ ಅನ್ನೂ ಟ್ರೈಗ್ಲಿಸರೈಡ್ ಎಂಬ ಇನ್ನೊಂದು ಬಗೆಯ ಜಿಡ್ಡಿನ ಐದನೇ ಒಂದು ಭಾಗವನ್ನೂ ಕಳೆದು ಬರೆಯುತ್ತವೆ. ಇದು 1972ರಲ್ಲಿ ಫ್ರೀಡ್‌ವಾಲ್ಡ್ ಮತ್ತು ಸಂಗಡಿಗರು ಕೊಟ್ಟ ಸೂತ್ರ. ನಿಮ್ಮ ಯಜಮಾನರ ಟ್ರೈಗ್ಲಿಸರೈಡ್ 240 ಇರುವುದರಿಂದ 48 ಅಂಕಿ ಅಲ್ಲಿಯೇ ಕಳೆದುಹೋಯಿತು. ಆ 48 ಎಂದರೆ ಟ್ರೈಗ್ಲಿಸರೈಡ್ ಹೊರುವ ಗಾಡಿಗಳಲ್ಲಿರುವ ಕೊಲೆಸ್ಟ್ರಾಲಿನ ಅಂದಾಜು, ಅದೂ ಗೋಡೆಗೆ ಹಾನಿ ಮಾಡುವ ಸರಕೇ. ಇನ್ನೊಂದು ಮಾತು. ಹಂಗಾಮಿನಲ್ಲಿ ನಿಮ್ಮ ಕಾರ್ಖಾನೆಯ ಕಾಟಾದ ಮೇಲೆ ಕಬ್ಬಿನ ತೂಕ ಗೊತ್ತಾಗುತ್ತದೆಯೇ ಹೊರತು, ಅದೇ ತೂಕ ಹತ್ತು ದೊಡ್ಡ ಟ್ರೇಲರುಗಳಲ್ಲಿ ಬಂತೋ ಮೂವತ್ತು ಚಕ್ಕಡಿಗಳಲ್ಲಿ ಬಂತೋ ಎಂಬುದು ಚೀಟಿಯಲ್ಲಿರುವ ಮೊತ್ತದಿಂದ ತಿಳಿಯುವುದಿಲ್ಲ. ರಸ್ತೆ ಕಟ್ಟಿಕೊಳ್ಳುವುದು ಮಾತ್ರ ಗಾಡಿಗಳ ಸಂಖ್ಯೆಯಿಂದ. ಟ್ರೈಗ್ಲಿಸರೈಡ್ ಹೆಚ್ಚು, ಎಚ್‌ಡಿಎಲ್ ಕಡಿಮೆ ಇರುವವರಲ್ಲಿ ಎಲ್‌ಡಿಎಲ್ ಗಾಡಿಗಳು ಚಿಕ್ಕವಾಗಿ, ಸಂಖ್ಯೆಯಲ್ಲಿ ಹೆಚ್ಚಾಗಿರುತ್ತವೆ. ಗಾಡಿಗಳನ್ನೇ ಎಣಿಸುವ ಎಪೊಬಿ ಎಂಬ ಪರೀಕ್ಷೆಯೂ ಇದೆ, ಆದರೆ ನಾನ್-ಎಚ್‌ಡಿಎಲ್ ಖರ್ಚಿಲ್ಲದೆ ಬಹುಮಟ್ಟಿಗೆ ಅದೇ ಮಾತನ್ನು ಹೇಳುತ್ತದೆ.

ಈಗ ಕಾಗದದ ಹೊರಗೆ ಬರೋಣ. ನನ್ನ ಮಟ್ಟಿಗೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ತೂಕದ ಸಾಲು ಅಂಕಿಗಳದ್ದಲ್ಲ, ಅವರ ಅಣ್ಣನದು. ಒಡಹುಟ್ಟಿದವರಲ್ಲಿ ಅಥವಾ ತಂದೆ ತಾಯಿಯಲ್ಲಿ ಗಂಡಸರಿಗೆ 55ರ ಒಳಗೆ, ಹೆಂಗಸರಿಗೆ 65ರ ಒಳಗೆ ಹೃದಯಾಘಾತವಾಗಿದ್ದರೆ ಅದನ್ನು ಮನೆತನದ ಅಪಾಯವೆಂದೇ ಹಿಡಿಯಬೇಕು. ಅದರ ಜೊತೆಗೆ ಬಿಪಿ ಇದೆ, ತಂಬಾಕಿದೆ. ಸೇದುವುದಿಲ್ಲ, ಬರೀ ಹಾಕುತ್ತೇನೆ ಎಂಬುದು ಹೃದಯಕ್ಕೆ ಸಮಾಧಾನ ಕೊಡುವ ಮಾತಲ್ಲ, ಅಗಿಯುವ ತಂಬಾಕೂ ಹೃದಯಾಘಾತದ ಅಪಾಯವನ್ನು ಹೆಚ್ಚಿಸುತ್ತದೆ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನವು, ತಂಬಾಕು, ರಕ್ತದ ಜಿಡ್ಡು, ಬಿಪಿ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು ಮೊದಲಾದ ಒಂಬತ್ತು ಕಾರಣಗಳೇ ಮೊದಲ ಹೃದಯಾಘಾತದ ಅಪಾಯದ ಸುಮಾರು ಶೇಕಡಾ 90 ಪಾಲಿಗೆ ಹೊಣೆ ಎಂದು ತೋರಿಸಿತು. ದಕ್ಷಿಣ ಏಷ್ಯಾದ ನಮ್ಮಂಥವರಿಗೆ ಮೊದಲ ಆಘಾತ ಇತರರಿಗಿಂತ ಸರಾಸರಿ ಐದಾರು ವರ್ಷ ಮುಂಚೆಯೇ ಆಗುತ್ತದೆ ಎಂಬುದೂ ಅದೇ ಅಧ್ಯಯನದಿಂದ ಗೊತ್ತಾಯಿತು.

ನಿಮ್ಮ ಯಜಮಾನರನ್ನು ಈ ತಿಂಗಳೇ ವೈದ್ಯರ ಬಳಿ ಕರೆದುಕೊಂಡು ಹೋಗಿ. ಸಕ್ಕರೆಯ ಪರೀಕ್ಷೆಯನ್ನು, ಅದರಲ್ಲಿಯೂ ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿಯನ್ನು ಮಾಡಿಸಿ. ಸೊಂಟದ ಸುತ್ತಳತೆ 90 ಸೆಂಟಿಮೀಟರ್ ದಾಟಿದೆಯೇ ನೋಡಿ. ಮನೆತನದ ಕಾರಣಕ್ಕೆ ಲೈಪೊಪ್ರೋಟೀನ್-ಎ ಎಂಬ, ವಂಶದಿಂದ ಬರುವ ಒಂದು ಬಗೆಯ ಕೊಲೆಸ್ಟ್ರಾಲ್ ಗಾಡಿಯನ್ನು ಅಳೆಯುವ ಪರೀಕ್ಷೆಯನ್ನು ಜೀವನದಲ್ಲಿ ಒಮ್ಮೆ ಮಾಡಿಸುವುದು ಒಳ್ಳೆಯದು. ವೈದ್ಯರು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಗುಳಿಗೆ ಬರೆದರೆ ಹಿಂಜರಿಯಬೇಡಿ.

ನಿಮ್ಮ ಬಗ್ಗೆಯೂ ಒಂದು ಮಾತು. ಎಚ್‌ಡಿಎಲ್ ಚೆನ್ನಾಗಿದೆ ಎಂದು ಎಲ್‌ಡಿಎಲ್ 134 ಅನ್ನು ಮರೆಯುವಂತಿಲ್ಲ. ಭಾರತೀಯ ಹೃದ್ರೋಗ ತಜ್ಞರ ಸಂಘವು 2024ರಲ್ಲಿ ಹೊರತಂದ ಮಾರ್ಗಸೂಚಿ, ಅಪಾಯ ಕಡಿಮೆ ಇರುವವರಿಗೂ ಎಲ್‌ಡಿಎಲ್ 100ರ ಒಳಗಿರಲಿ ಎನ್ನುತ್ತದೆ. ನಿಮಗೆ ಈಗಲೇ ಗುಳಿಗೆಯ ಅವಸರವಿಲ್ಲ. ಥೈರಾಯ್ಡ್ ಮಂದವಾಗಿದ್ದರೂ ಎಲ್‌ಡಿಎಲ್ ಏರುತ್ತದೆಯಾದ್ದರಿಂದ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ, ಊಟ ಮತ್ತು ನಡಿಗೆಯ ಕಡೆ ಗಮನ ಕೊಟ್ಟು, ಆರು ತಿಂಗಳಿಗೆ ಮತ್ತೆ ನೋಡಿ. ಮುಟ್ಟು ನಿಂತ ಮೇಲೆ ಎಲ್‌ಡಿಎಲ್ ಏರುವುದುಂಟು ಎಂಬುದೂ ನೆನಪಿರಲಿ.

ಪ್ರಶ್ನೆ: ಗಾಣದ ಕುಸುಬಿ ಎಣ್ಣೆಯಲ್ಲಿ ಕೊಲೆಸ್ಟ್ರಾಲ್ ಇಲ್ಲವೆಂದು ಅಂಗಡಿಯವರು ಹೇಳುತ್ತಾರೆ. ಶೇಂಗಾದಲ್ಲಿ ಬಹಳ ಇದೆ ಎಂದು ಯಾರೋ ಹೇಳಿದ ಮೇಲೆ ನಮ್ಮ ತಾಯಿ ಶೇಂಗಾ ಚಟ್ನಿಯನ್ನೇ ಬಿಟ್ಟಿದ್ದಾರೆ. ಇದು ಸರಿಯೇ?
— ವಿಜಯಪುರದ ಓದುಗರು

ಉತ್ತರ: ಕುಸುಬಿಯಲ್ಲಿ ಕೊಲೆಸ್ಟ್ರಾಲ್ ಇಲ್ಲ, ಶೇಂಗಾದಲ್ಲಿಯೂ ಇಲ್ಲ, ಗುರೆಳ್ಳಿನಲ್ಲಿಯೂ ಅಗಸಿಯಲ್ಲಿಯೂ ಇಲ್ಲ. ಕೊಲೆಸ್ಟ್ರಾಲ್ ಇರುವುದು ಪ್ರಾಣಿಜನ್ಯ ಆಹಾರದಲ್ಲಿ. ಆದ್ದರಿಂದ ಅಂಗಡಿಯವರ ಮಾತು ಸುಳ್ಳಲ್ಲ, ಆದರೆ ಪಕ್ಕದ ಡಬ್ಬಿಗೂ ಅದು ಅಷ್ಟೇ ಅನ್ವಯಿಸುತ್ತದೆ. ರಕ್ತದಲ್ಲಿರುವ ಕೊಲೆಸ್ಟ್ರಾಲಿನ ಹೆಚ್ಚಿನ ಪಾಲನ್ನು ನಮ್ಮ ದೇಹವೇ ತಯಾರಿಸಿಕೊಳ್ಳುತ್ತದೆ. ತಟ್ಟೆಯಿಂದ ಎಲ್‌ಡಿಎಲ್ ಏರುವುದು ಮುಖ್ಯವಾಗಿ ಗಟ್ಟಿಯಾಗುವ ಜಿಡ್ಡಿನಿಂದ, ಅಂದರೆ ಬೆಣ್ಣೆ, ತುಪ್ಪ, ಖವಾ, ಪಾಮ್ ಎಣ್ಣೆ ಮತ್ತು ವನಸ್ಪತಿಯಿಂದ. ವನಸ್ಪತಿಯಲ್ಲಿ ಬರುವ ಟ್ರಾನ್ಸ್ ಕೊಬ್ಬು ಇವೆಲ್ಲಕ್ಕಿಂತ ಕೆಟ್ಟದ್ದು, ಎಲ್‌ಡಿಎಲ್ ಏರಿಸಿ ಎಚ್‌ಡಿಎಲ್ ಇಳಿಸುತ್ತದೆ. ಎಣ್ಣೆ ಮತ್ತು ವನಸ್ಪತಿಗಳಲ್ಲಿ ಅದು ಶೇಕಡಾ 2ನ್ನು ಮೀರಬಾರದೆಂದು 2022ರ ಜನವರಿಯಿಂದ ದೇಶದಲ್ಲಿ ನಿಯಮವಿದೆ.

ನಿಮ್ಮ ತಾಯಿಯವರಿಗೆ ಜೋಳದ ರೊಟ್ಟಿಯ ಜೊತೆ ಶೇಂಗಾ ಚಟ್ನಿಯನ್ನು ಮತ್ತೆ ಕೊಡಿ. ಬಿಪಿ ಇದ್ದರೆ ಚಟ್ನಿಗೆ ಉಪ್ಪು ಕಡಿಮೆ ಹಾಕಿ. ರೊಟ್ಟಿ, ಮಡಕಿ ಕಾಳಿನ ಪಲ್ಯ, ಹಸಿ ಸೊಪ್ಪು, ಉಳ್ಳಾಗಡ್ಡಿ ಇರುವ ನಮ್ಮ ಭಾಗದ ದಿನದ ಊಟ ಹೃದಯಕ್ಕೆ ಒಳ್ಳೆಯದೇ. ತೊಂದರೆ ಬರುವುದು ಸಂಜೆ ಐದಕ್ಕೆ, ಕಪ್ಪಾದ ಎಣ್ಣೆಯಲ್ಲಿ ಮತ್ತೆ ಮತ್ತೆ ಕರಿದ ಮಿರ್ಚಿ ಭಜಿಯಿಂದ, ಮತ್ತು ದಿನಕ್ಕೆ ಐದಾರು ಸಲ ಕುಡಿಯುವ ಸಕ್ಕರೆ ಚಹಾದಿಂದ. ಎಣ್ಣೆ ಯಾವುದಾದರೂ ಅಳತೆ ಇರಲಿ. ನಾಲ್ಕು ಜನರ ಮನೆಗೆ ತಿಂಗಳಿಗೆ 2 ಲೀಟರ್ ಎಂದರೆ ತಲೆಗೆ ದಿನಕ್ಕೆ ಮೂರು ಸಣ್ಣ ಚಮಚದಷ್ಟಾಗುತ್ತದೆ, ಅಷ್ಟು ಸಾಕು.

ಪ್ರಶ್ನೆ: ನನಗೆ 26 ವರ್ಷ. ತೆಳ್ಳಗಿದ್ದೇನೆ, ಶುದ್ಧ ಸಸ್ಯಾಹಾರಿ. ಕೆಲಸಕ್ಕೆ ಸೇರುವಾಗ ಮಾಡಿಸಿದ ಪರೀಕ್ಷೆಯಲ್ಲಿ ಒಟ್ಟು ಕೊಲೆಸ್ಟ್ರಾಲ್ 305, ಎಲ್‌ಡಿಎಲ್ 226 ಬಂದಿದೆ. ಲ್ಯಾಬಿನವರು ತಪ್ಪು ಮಾಡಿರಬಹುದೇ? ನಮ್ಮ ತಂದೆ 41ನೇ ವರ್ಷದಲ್ಲಿ ಮಲಗಿದಲ್ಲಿಯೇ ತೀರಿಕೊಂಡರು. ಸೋದರತ್ತೆಯ ಮಗಳೊಂದಿಗೆ ನನ್ನ ಮದುವೆ ನಿಶ್ಚಯವಾಗಿದೆ.
— ಬಾಗಲಕೋಟೆ ನವನಗರದ ಓದುಗರು

ಉತ್ತರ: ಮೊದಲು ಇನ್ನೊಂದು ಲ್ಯಾಬಿನಲ್ಲಿ ಮತ್ತೆ ಪರೀಕ್ಷೆ ಮಾಡಿಸಿ, ಜೊತೆಗೆ ಥೈರಾಯ್ಡ್, ಮೂತ್ರಪಿಂಡ ಮತ್ತು ಯಕೃತ್ತಿನ ಪರೀಕ್ಷೆಗಳೂ ಇರಲಿ. ಅವೆಲ್ಲ ಸರಿಯಿದ್ದು ಎಲ್‌ಡಿಎಲ್ 190ಕ್ಕಿಂತ ಮೇಲೆಯೇ ಉಳಿದರೆ, ಇದು ಮನೆತನದಲ್ಲಿ ಇಳಿದು ಬರುವ ಕೊಲೆಸ್ಟ್ರಾಲ್ ದೋಷವೇ ಎಂದು ನೋಡಬೇಕಾಗುತ್ತದೆ. ನಿಮ್ಮ ತಂದೆಯವರ ಸಾವು ಆ ಅನುಮಾನವನ್ನು ಬಲಪಡಿಸುತ್ತದೆ. ಯಕೃತ್ತಿನ ಜೀವಕೋಶಗಳ ಮೇಲೆ ರಕ್ತದ ಎಲ್‌ಡಿಎಲ್ ಅನ್ನು ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳಿರುತ್ತವೆ. ತಂದೆಯಿಂದಾಗಲಿ ತಾಯಿಯಿಂದಾಗಲಿ ಒಂದು ಕೆಟ್ಟ ವಂಶವಾಹಿ ಬಂದರೆ ಗ್ರಾಹಕಗಳ ಕೆಲಸ ಅರ್ಧಕ್ಕೆ ಇಳಿಯುತ್ತದೆ, ಆಗ ಎಷ್ಟೇ ಪಥ್ಯ ಮಾಡಿದರೂ ಎಲ್‌ಡಿಎಲ್ ತಕ್ಕಷ್ಟು ಇಳಿಯುವುದಿಲ್ಲ. ಇದನ್ನು ಕಂಡುಹಿಡಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಈ ದೋಷ ಅಪರೂಪದ್ದೇನಲ್ಲ, ಸುಮಾರು 250ರಿಂದ 300 ಜನರಲ್ಲಿ ಒಬ್ಬರಿಗಿರುತ್ತದೆ.

ಕನ್ನಡಿಯ ಮುಂದೆ ನಿಂತು ಕಣ್ಣಿನ ಕರಿಯ ಭಾಗದ ಅಂಚಿನಲ್ಲಿ ಬೂದು ಬಣ್ಣದ ಬಳೆ ಕಟ್ಟಿದೆಯೇ ನೋಡಿ. ಹಿಮ್ಮಡಿಯ ಮೇಲಿನ ದಪ್ಪ ನರವೆಂದು ಜನ ಕರೆಯುವ ಭಾಗವನ್ನು ಎರಡು ಬೆರಳಲ್ಲಿ ಹಿಡಿದು, ಅದು ದಪ್ಪಗಾಗಿದೆಯೇ, ಗಂಟುಗಳಿವೆಯೇ ಎಂದು ಮುಟ್ಟಿ ನೋಡಿ. ಇದ್ದರೆ ವೈದ್ಯರಿಗೆ ತಿಳಿಸಿ, ಇಲ್ಲದಿದ್ದರೆ ದೋಷವಿಲ್ಲವೆಂದು ಅರ್ಥವಲ್ಲ. ನಿಮ್ಮ ವಯಸ್ಸು ಚಿಕ್ಕದು, ಬಿಪಿ ಇಲ್ಲ, ಸಕ್ಕರೆ ಇಲ್ಲ ಎಂದು ಲೆಕ್ಕ ಹಾಕಿ ಯಾರಾದರೂ ಅಪಾಯ ಕಡಿಮೆ ಎಂದರೆ ಒಪ್ಪಬೇಡಿ. ನಿಮ್ಮ ರಕ್ತನಾಳಗಳು ಹುಟ್ಟಿದಾಗಿನಿಂದ ಈ ಭಾರವನ್ನು ಹೊತ್ತಿವೆ. ಚಿಕಿತ್ಸೆ ಈಗಲೇ ಶುರುವಾಗಬೇಕು. ಶುರುವಾದರೆ ಬಹುಮಟ್ಟಿಗೆ ಎಲ್ಲರಂತೆ ಬಾಳಬಹುದು ಎಂಬ ಧೈರ್ಯವನ್ನೂ ಕೊಡುತ್ತೇನೆ.

ಮದುವೆಯ ವಿಷಯವನ್ನು ಬಿಚ್ಚಿ ಹೇಳಲೇಬೇಕು. ದೋಷ ತಂದೆಯವರ ಕಡೆಯಿಂದ ಬಂದಿದ್ದರೆ ಅವರ ಒಡಹುಟ್ಟಿದ ನಿಮ್ಮ ಸೋದರತ್ತೆಯಲ್ಲಿಯೂ ಅವರ ಮಗಳಲ್ಲಿಯೂ ಇರಬಹುದು. ಗಂಡ ಹೆಂಡತಿ ಇಬ್ಬರಲ್ಲಿಯೂ ಇದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಎರಡೂ ಕಡೆಯ ಕೆಟ್ಟ ವಂಶವಾಹಿ ಬರುವ ಸಾಧ್ಯತೆ ಇರುತ್ತದೆ. ಅಂಥ ಮಕ್ಕಳ ಎಲ್‌ಡಿಎಲ್ 400 ದಾಟಿ, ಚಿಕಿತ್ಸೆ ಸಿಗದಿದ್ದರೆ ಹರೆಯ ತುಂಬುವ ಮೊದಲೇ ಹೃದಯಾಘಾತವಾಗಬಹುದು. ಹುಡುಗಿಗೂ ಅತ್ತೆಯವರಿಗೂ ನಿಮ್ಮ ಅಣ್ಣ ತಮ್ಮ ಅಕ್ಕ ತಂಗಿಯರಿಗೂ ಸಾದಾ ಲಿಪಿಡ್ ಪರೀಕ್ಷೆ ಸಾಕು. ಹಿರಿಯರ ಮುಂದೆ ಈ ಮಾತೆತ್ತುವುದು ಕಷ್ಟವೆಂದು ಬಲ್ಲೆ. ಈ ಪುಟವನ್ನೇ ಅವರ ಕೈಗೆ ಕೊಡಿ.

ಪ್ರಶ್ನೆ: ನನಗೆ 67 ವರ್ಷ. ಎರಡು ವರ್ಷದ ಹಿಂದೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿದ್ದಾರೆ. ಆಗ ಎಲ್‌ಡಿಎಲ್ 142 ಇತ್ತು. ಇತ್ತೀಚೆಗೆ 58 ಬಂತು, ವರದಿಯಲ್ಲಿ 100ರ ಒಳಗೆ ಉತ್ತಮ ಎಂದೂ ಮುದ್ರಿಸಿದ್ದಾರೆ. ಸ್ಟ್ಯಾಟಿನ್‌ನಿಂದ ಲಿವರ್ ಕೆಡುತ್ತದೆ ಎಂದು ಕೇಳಿ ಎರಡು ತಿಂಗಳಿಂದ ಗುಳಿಗೆ ನಿಲ್ಲಿಸಿದ್ದೇನೆ. ಆರಾಮವಾಗಿಯೇ ಇದ್ದೇನೆ.
— ಬೆಳಗಾವಿಯ ಓದುಗರು

ಉತ್ತರ: ಹಿರಿಯರೇ, ಇದನ್ನು ಓದಿದ ದಿನವೇ ನಿಮ್ಮ ವೈದ್ಯರಿಗೆ ಫೋನ್ ಮಾಡಿ, ಗುಳಿಗೆ ನಿಲ್ಲಿಸಿದ್ದನ್ನು ಹೇಳಿ, ಮತ್ತೆ ಶುರು ಮಾಡಿ. ರಕ್ತ ತೆಳುವಾಗಿಸುವ ಗುಳಿಗೆಯನ್ನೂ ನಿಲ್ಲಿಸಿದ್ದರೆ ಅದನ್ನು ಮುಚ್ಚಿಡಬೇಡಿ. 58 ಬಂದಿದ್ದು ಗುಳಿಗೆಯಿಂದ. ಬಿಟ್ಟ ಕೆಲವೇ ವಾರಗಳಲ್ಲಿ ಅದು ಹಳೆಯ ಮಟ್ಟಕ್ಕೆ ಮರಳುತ್ತದೆ, ಮರಳಿದ್ದು ನಿಮಗೆ ಗೊತ್ತಾಗುವುದಿಲ್ಲ. ವರದಿಯ ಬಲಗಡೆ ಮುದ್ರಿಸಿರುವ ಮಿತಿ ಎಲ್ಲರಿಗೂ ಒಂದೇ. ಒಮ್ಮೆ ಹೃದಯಾಘಾತವಾದವರಿಗೆ ಎಲ್‌ಡಿಎಲ್ 55ರ ಒಳಗಿರಬೇಕು ಎಂಬುದು ಈಗಿನ ಮಾರ್ಗಸೂಚಿ, ಆ ಲೆಕ್ಕದಲ್ಲಿ ನಿಮ್ಮ 58 ಕೂಡ ಗುರಿಗೆ ಸ್ವಲ್ಪ ಹೊರಗೇ ಇತ್ತು. ವೈದ್ಯರು ಎಜೆಟಿಮೈಬ್ ಎಂಬ ಇನ್ನೊಂದು ಗುಳಿಗೆ ಸೇರಿಸಬಹುದು. ಸ್ಟೆಂಟ್ ತೆರೆದದ್ದು ಒಂದು ಜಾಗವನ್ನು, ಉಳಿದ ನಾಳಗಳನ್ನು ಕಾಯುವುದು ಗುಳಿಗೆ. ಎಲ್‌ಡಿಎಲ್ ಸುಮಾರು 39 ಅಂಕಿ ಇಳಿದರೆ ಹೃದಯಾಘಾತ, ಪಾರ್ಶ್ವವಾಯುಗಳಂಥ ಆಪತ್ತು ಐದನೇ ಒಂದು ಪಾಲಿನಷ್ಟು ಕಡಿಮೆಯಾಗುತ್ತದೆ ಎಂಬುದು ಲಕ್ಷಕ್ಕೂ ಹೆಚ್ಚು ಜನರ ಮೇಲಿನ ಪರೀಕ್ಷೆಗಳಿಂದ ಸಿದ್ಧವಾಗಿದೆ.

ಯಕೃತ್ತಿನ ಕಿಣ್ವಗಳು ಕೆಲವರಲ್ಲಿ ತುಸು ಏರುತ್ತವೆ. ಮಿತಿಯ ಮೂರು ಪಟ್ಟು ದಾಟಿದರೆ ಮಾತ್ರ ಗುಳಿಗೆಯ ಬಗ್ಗೆ ಮರುಯೋಚನೆ ಮಾಡಬೇಕಾಗುತ್ತದೆ, ಅದು ವಿರಳ. ತೊಡೆ, ಭುಜಗಳಲ್ಲಿ ನೋವು ಬಂದರೆ ವೈದ್ಯರಿಗೆ ತಿಳಿಸಿ, ಪ್ರಮಾಣ ಇಳಿಸಬಹುದು ಅಥವಾ ಬೇರೆ ಸ್ಟ್ಯಾಟಿನ್ ಕೊಡಬಹುದು. ಎದೆ ಹಿಡಿದಂತಾಗಿ ಬೆವರು ಬಂದರೆ ಗ್ಯಾಸ್ ಎಂದು ಸೋಡಾ ಕುಡಿದು ಕಾಯಬೇಡಿ, 108ಕ್ಕೆ ಕರೆ ಮಾಡಿ. ಹಳ್ಳಿಯಲ್ಲಿರುವ ಓದುಗರು ಹತ್ತಿರದ ತಾಲೂಕು ಆಸ್ಪತ್ರೆಗೇ ಮೊದಲು ಹೋಗಿ. ಪುನೀತ್ ರಾಜಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ.

ಪ್ರಶ್ನೆ: ಪರೀಕ್ಷೆಗೆ 12 ತಾಸು ಉಪವಾಸ ಇರಲೇಬೇಕೇ?
— ಗೋಕಾಕದ ಓದುಗರು

ಉತ್ತರ: ಬಹಳಷ್ಟು ಜನರಿಗೆ ಬೇಕಿಲ್ಲ. ಊಟದಿಂದ ಮುಖ್ಯವಾಗಿ ಏರುವುದು ಟ್ರೈಗ್ಲಿಸರೈಡ್, ಅದೂ ಸ್ವಲ್ಪವೇ. ಅದು 400 ದಾಟಿದ್ದರೆ ಎಲ್‌ಡಿಎಲ್ ಲೆಕ್ಕದ ಸೂತ್ರ ಕೆಲಸ ಮಾಡುವುದಿಲ್ಲವಾದ್ದರಿಂದ ಉಪವಾಸವಿದ್ದು ಮತ್ತೆ ಮಾಡಿಸಬೇಕು. ಮದುವೆಯೂಟದ ಮರುದಿನ, ಮದ್ಯ ಸೇವಿಸಿದ ಮರುದಿನ, ಜ್ವರ ಅಥವಾ ಶಸ್ತ್ರಚಿಕಿತ್ಸೆಯಾದ ಕೆಲವು ವಾರಗಳೊಳಗೆ ಪರೀಕ್ಷೆ ಮಾಡಿಸಬೇಡಿ. ಸಾಧ್ಯವಾದರೆ ಪ್ರತಿ ಸಲವೂ ಒಂದೇ ಲ್ಯಾಬಿಗೆ ಹೋಗಿ, ವೈದ್ಯರ ಬಳಿ ಬರುವಾಗ ಹಳೆಯ ವರದಿಗಳನ್ನೂ ಹೊಸದರ ಜೊತೆ ಪಿನ್ ಮಾಡಿ ತನ್ನಿ.