ಉರಿಗಣ್ಣರು ಎಷ್ಟು ಜನ?

ಪ್ರಶ್ನೆ: ಕಲ್ಪನಾಲೋಕದ ಕಾದಂಬರಿಯೊಂದನ್ನು ಬರೆಯುತ್ತಿದ್ದೇನೆ. ಅದರ ಪುರಾಣದಲ್ಲಿ ಉರಿಗಣ್ಣ ಎಂಬ ವೀರ ಮುನ್ನೂರು ವರ್ಷಗಳ ಅಂತರದಲ್ಲಿ ನಾಲ್ಕು ಯುದ್ಧ ಗೆಲ್ಲುತ್ತಾನೆ. ಅವನೇನೂ ಚಿರಂಜೀವಿಯಲ್ಲ. ಕರಡು ಓದಿದ ಗೆಳೆಯ ‘ಲೆಕ್ಕ ತಪ್ಪಿದೆ’ ಎಂದ. ಉರಿಗಣ್ಣ ಅನ್ನೋದು ಹೆಸರಲ್ಲ, ಬಿರುದು ಎಂದು ಹೇಳಿ ಪಾರಾಗಬಹುದೇ?

ಉತ್ತರ: ಪಾರಾಗಬಹುದು. ಆದರೆ ಪಾರಾಗಲಿಕ್ಕೆಂದೇ ಹೇಳಿದ್ದು ಅಂತ ಓದುಗರಿಗೆ ಗೊತ್ತಾಗಬಾರದು. ಬಿರುದು ಅಂದಮೇಲೆ ಅದನ್ನು ಕೊಟ್ಟವರು ಯಾರು, ತಾನಾಗಿ ತೊಟ್ಟುಕೊಂಡವರು ಯಾರು, ಬೇಡ ಅಂದವರು ಯಾರು ಎನ್ನುವುದೂ ಕತೆಗೆ ಬರಬೇಕು.

ಸೀಸರ್ ಅನ್ನೋದು ಮೂಲದಲ್ಲಿ ರೋಮಿನ ಒಂದು ಮನೆತನದ ಹೆಸರು. ಕ್ರಿ.ಶ. 68ರಲ್ಲಿ ಚಕ್ರವರ್ತಿ ನೀರೋ ಸತ್ತಾಗ ಆ ವಂಶ ಮುಗಿಯಿತು, ಹೆಸರು ಮುಗಿಯಲಿಲ್ಲ, ಮುಂದಿನ ಚಕ್ರವರ್ತಿಗಳಿಗೆ ಬಿರುದಾಯಿತು. ಮರುವರ್ಷ ಒಂದರಲ್ಲೇ ರೋಮ್ ನಾಲ್ವರು ಚಕ್ರವರ್ತಿಗಳನ್ನು ಕಂಡಿತು. ಅವರಲ್ಲಿ ವಿಟೆಲಿಯಸ್ ಎಂಬಾತ ಆರಂಭದಲ್ಲಿ ‘ಸೀಸರ್ ಅನ್ನಬೇಡಿ’ ಎಂದಿದ್ದ. ಸೋಲು ಬಾಗಿಲಿಗೆ ಬಂದಾಗ ಅವನೇ ‘ನನ್ನನ್ನು ಸೀಸರ್ ಎಂದು ಕರೆಯಿರಿ’ ಎಂದ. ಹೆಸರಿನ ಬಲವಾದರೂ ಕಾಯಲಿ ಎಂಬ ಆಸೆ! ಕಾಯಲಿಲ್ಲ. ನನ್ನನ್ನು ಕೇಳಿದರೆ ನಿಮ್ಮ ನಾಲ್ಕು ಯುದ್ಧಗಳಿಗಿಂತ ಇಂಥ ಒಂದು ಸಂಜೆಗೆ ತೂಕ ಹೆಚ್ಚು. ನಿಮ್ಮ ಮೂರನೆಯ ಉರಿಗಣ್ಣ ಆ ಬಿರುದನ್ನು ಮೊದಲು ನಿರಾಕರಿಸಿದವನಾಗಿರಲಿ.

ನಮ್ಮ ವಿಕ್ರಮಾದಿತ್ಯನನ್ನೇ ನೋಡಿ. ಗುಪ್ತರ ಎರಡನೆಯ ಚಂದ್ರಗುಪ್ತನಿಗೆ ಅದು ಬಿರುದು. ಚಾಲುಕ್ಯರಲ್ಲಿ ಅದೇ ಅರಸರ ಹೆಸರಾಗಿ ಮತ್ತೆ ಮತ್ತೆ ಬಂತು. ಆರನೆಯವನಂತೂ 1076ರಲ್ಲಿ ಪಟ್ಟಕ್ಕೆ ಬಂದು, ಶಕವರ್ಷದ ಬದಲು ತನ್ನದೇ ವಿಕ್ರಮವರ್ಷ ಶುರುಮಾಡಿದ. ಇವರಲ್ಲಿ ಬೇತಾಳನನ್ನು ಹೆಗಲಿಗೇರಿಸಿಕೊಂಡವನು ಯಾರು? ಕತೆ ಕೇಳುವವರು ಯಾರೂ ಆ ಪ್ರಶ್ನೆ ಎತ್ತುವುದಿಲ್ಲ. ನಿಮ್ಮ ಲೋಕದ ಜನರೂ ಎತ್ತದಿರಲಿ. ನಾಲ್ವರೂ ಒಬ್ಬನೇ ಎಂದು ನಂಬಿ ಹಾಡಿಕೊಳ್ಳಲಿ. ಆದರೆ ಒಂದು ಹಾಡಿನಲ್ಲಿ ಅವನ ಕತ್ತಿ ಬಲಗೈಯಲ್ಲಿರಲಿ, ಇನ್ನೊಂದರಲ್ಲಿ ಎಡಗೈಯಲ್ಲಿ. ಯಾವುದೋ ಪಾತ್ರ ಅದನ್ನು ಗಮನಿಸಿ ಸುಮ್ಮನಾದರೆ ಸಾಕು, ಓದುಗರು ತಾವೇ ಎಣಿಸಿಕೊಳ್ಳುತ್ತಾರೆ.

ಒಂದು ಎಚ್ಚರಿಕೆ. ನಾಲ್ವರಿಗೂ ಹುಟ್ಟುಹೆಸರು, ಸತ್ತ ವರ್ಷ, ಮೈಮೇಲಿನ ಗಾಯ ಎಲ್ಲವನ್ನೂ ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ನನ್ನ ಮೊದಲ ಕಾದಂಬರಿಯಲ್ಲಿ ಐವರಿಗೆ ಒಂದೇ ಬಿರುದು ಕೊಟ್ಟು, ಹಾಳೆ ಯಾಕೆ, ತಲೆಯಲ್ಲೇ ಇದೆಯಲ್ಲ ಎಂದು ಬೀಗಿದ್ದೆ. ಒಂಬತ್ತನೆಯ ಅಧ್ಯಾಯದಲ್ಲಿ ಸತ್ತವನು ಹತ್ತನೆಯದರಲ್ಲಿ ಕುದುರೆ ಏರಿದ. ಅಚ್ಚಾದ ಮೇಲೆ ತಿಳಿಯಿತು.

ಪ್ರಶ್ನೆ: ಬಿರುದನ್ನು ದೇವರಿಗೂ ಕೊಡಬಹುದೇ?

ಉತ್ತರ: ಧಾರಾಳವಾಗಿ. ಪುರಾಣಗಳಲ್ಲಿ ಇಂದ್ರ ಅನ್ನೋದೇ ಒಂದು ಪದವಿ. ಒಬ್ಬ ಮನುವಿನ ಕಾಲ ಮುಗಿದು ಮನ್ವಂತರ ಬದಲಾದರೆ ಇಂದ್ರನೂ ಬದಲಾಗುತ್ತಾನೆ. ಈಗಿನವನು ಪುರಂದರ, ಮುಂದಿನ ಸರದಿ ಬಲಿಯದು. ಪಾತಾಳಕ್ಕೆ ತಳ್ಳಿಸಿಕೊಂಡವನೇ ನಾಳೆ ಆ ಪೀಠಕ್ಕೆ ಬರುತ್ತಾನೆ!

ಪ್ರಶ್ನೆ: ನನ್ನ ಲೋಕದಲ್ಲಿ ಬೆಟ್ಟದವರ ದೇವರು ಸಿಡಿಲಯ್ಯ, ಕಡಲಿನವರ ದೇವರು ತೆರೆಯೊಡೆಯ. ಬೆಟ್ಟದವರು ಕಡಲ ನಾಡನ್ನು ಗೆದ್ದ ಮೇಲೆ ಇಬ್ಬರೂ ಸೇರಿ ‘ಸಿಡಿಲೊಡೆಯ’ ಆಗುತ್ತಾರೆ. ಇದು ಸಹಜವಾಗಿ ಕಾಣಲು ಏನು ಮಾಡಬೇಕು?

ಉತ್ತರ: ಹೆಸರು ಚೆನ್ನಾಗಿದೆ. ತೊಂದರೆ ಎಂದರೆ ಅದು ತೀರಾ ನುಣುಪಾಗಿದೆ, ಬೆಸೆದ ಗೆರೆಯೇ ಕಾಣುವುದಿಲ್ಲ.

ಬಾದಾಮಿಯ ಮೊದಲನೆಯ ಗುಹೆಯಲ್ಲಿ ಹರಿಹರನ ದೊಡ್ಡ ಶಿಲ್ಪವಿದೆ. ಒಂದೇ ಮೈ, ಅರ್ಧ ಶಿವ, ಅರ್ಧ ವಿಷ್ಣು. ಪಕ್ಕಕ್ಕೆ ಕಣ್ಣು ಹಾಯಿಸಿ: ಅತ್ತ ಪಾರ್ವತಿ, ಇತ್ತ ಲಕ್ಷ್ಮಿ, ಅತ್ತ ನಂದಿ, ಇತ್ತ ಗರುಡ. ದೇವರಿಬ್ಬರು ಒಂದಾದರು, ಸಂಸಾರಗಳು ಒಂದಾಗಲಿಲ್ಲ. ನಿಮ್ಮ ಸಿಡಿಲೊಡೆಯನಿಗೂ ಇಬ್ಬರು ಹೆಂಡತಿಯರು, ಎರಡು ವಾಹನ, ಎರಡು ಹಬ್ಬದ ದಿನ ಉಳಿದಿರಲೇಬೇಕು. ಮೆರವಣಿಗೆಯಲ್ಲಿ ಯಾವ ವಾಹನ ಮುಂದೆ ಎಂಬ ಜಗಳವೂ ಇರಲಿ.

ಗೆದ್ದವರು ಬೆಸೆದ ದೇವರನ್ನು ಸೋತವರು ಹೇಗೆ ಕರೆಯುತ್ತಾರೆ ಎಂಬುದನ್ನೂ ನೀವು ಯೋಚಿಸಿದಂತಿಲ್ಲ. ಇಂಗ್ಲೆಂಡಿನ ಬಾತ್ ಊರಿನ ಬಿಸಿನೀರಿನ ಬುಗ್ಗೆಯಲ್ಲಿ ಸೂಲಿಸ್ ಎಂಬ ಸ್ಥಳೀಯ ದೇವತೆ ಇದ್ದಳು. ರೋಮನ್ನರು ಬಂದು ಅವಳನ್ನು ತಮ್ಮ ಮಿನರ್ವಾಳೊಂದಿಗೆ ಸೇರಿಸಿ ಸೂಲಿಸ್ ಮಿನರ್ವಾ ಎಂದರು. ಭಕ್ತರು ಸೀಸದ ತಗಡಿನ ಮೇಲೆ ಶಾಪ ಬರೆದು ಆ ನೀರಿಗೆ ಎಸೆಯುತ್ತಿದ್ದರು. ಅಂಥವು ನೂರಕ್ಕೂ ಹೆಚ್ಚು ಸಿಕ್ಕಿವೆ. ಒಬ್ಬ ಕಳೆದುಕೊಂಡದ್ದು ಎರಡು ಕೈಗವಸು. ಕದ್ದವನ ಬುದ್ಧಿಯೂ ಹೋಗಲಿ, ಕಣ್ಣೂ ಹೋಗಲಿ ಎಂದು ಅವನ ಮೊರೆ! ಇಂಥ ತಗಡುಗಳಲ್ಲಿ ಕೆಲವರು ಜೋಡಿ ಹೆಸರು ಬರೆದಿದ್ದಾರೆ, ಕೆಲವರು ಬರೀ ಸೂಲಿಸ್ ಎಂದಿದ್ದಾರೆ.

ಹಾಗಾಗಿ ಶಾಸನಗಳಲ್ಲಿ, ಆಸ್ಥಾನದಲ್ಲಿ ಸಿಡಿಲೊಡೆಯ ಎಂದೇ ಇರಲಿ. ದೋಣಿ ಮಗುಚುವ ಹೊತ್ತಿಗೆ ಕಡಲಿನವನ ಬಾಯಲ್ಲಿ ಬರುವುದು ಮಾತ್ರ ತೆರೆಯೊಡೆಯನ ಹೆಸರೇ. ಅದೇ ದೋಣಿಯಲ್ಲಿ ಬೆಟ್ಟದ ಅಧಿಕಾರಿಯೊಬ್ಬನನ್ನೂ ಕೂರಿಸಿ.