ಟ್ಯೂಬ್ ಆಂಪ್ಲಿಫೈಯರ್ ನಿಜವಾಗಿಯೂ ಬೇಗ ಕೆಡುತ್ತದೆಯೇ?

ಟ್ಯೂಬ್ (ಗಾಳಿ ತೆಗೆದ ಗಾಜಿನ ಕೊಳವೆ) ಬಳಸುವ ಆಂಪ್ಲಿಫೈಯರ್ ಕೊಳ್ಳುವ ಆಸೆಯಿದ್ದರೂ ಅದು ಪದೇ ಪದೇ ಕೆಡುತ್ತದೆ ಎಂದು ಬಲ್ಲವರು ಹೆದರಿಸುತ್ತಿದ್ದಾರೆ, ಟ್ರಾನ್ಸಿಸ್ಟರಿನದಕ್ಕೆ ಹೋಲಿಸಿದರೆ ಇದು ನಿಜವೇ ಎಂದು ಕೇಳಿದ್ದೀರಿ. ಎರಡೂ ಬಗೆಯವನ್ನು ನಾನು ಹಲವು ವರ್ಷಗಳಿಂದ ಬಳಸುತ್ತ, ಕೆಟ್ಟಾಗ ಬಿಚ್ಚಿ ರಿಪೇರಿ ಮಾಡುತ್ತ ಬಂದಿದ್ದೇನೆ. ಸ್ವಿಚ್ ಹಾಕಿ ಸಂಗೀತ ಕೇಳುವುದಷ್ಟೇ ನಿಮಗೆ ಬೇಕಿದ್ದರೆ, ಯಂತ್ರದ ಗೊಡವೆಯೇ ಬೇಡವೆನಿಸಿದರೆ, ಟ್ರಾನ್ಸಿಸ್ಟರಿನದನ್ನೇ ಕೊಳ್ಳಿ. ಆದರೆ ಸವೆಯುವುದು ಬೇರೆ, ಕೈಕೊಡುವುದು ಬೇರೆ; ನಿಮ್ಮನ್ನು ಹೆದರಿಸಿದವರು ಇವೆರಡನ್ನೂ ಒಂದೇ ಎಂದು ಭಾವಿಸಿದಂತಿದೆ.

ಟ್ಯೂಬು ಸವೆಯುವ ವಸ್ತು. ಅದರೊಳಗಿನ ಕ್ಯಾಥೋಡ್ ಎಂಬ ಭಾಗಕ್ಕೆ ಬಳಿದ ಆಕ್ಸೈಡ್ ಲೇಪವು ಕಾದಾಗ ಎಲೆಕ್ಟ್ರಾನುಗಳನ್ನು ಸೂಸುತ್ತದೆ, ಬಳಸಿದಂತೆಲ್ಲ ಆ ಕಸುವು ಕುಂದುತ್ತದೆ. ಇಎಲ್34ರಂತಹ ಪವರ್ ಟ್ಯೂಬು ಸಾಮಾನ್ಯವಾಗಿ 2000ದಿಂದ 5000 ಗಂಟೆ ಬಾಳುತ್ತದೆ. 12ಎಎಕ್ಸ್7ನಂತಹ ಚಿಕ್ಕ ಟ್ಯೂಬು 10,000 ಗಂಟೆ ದಾಟುವುದೂ ಉಂಟು. ದಿನಕ್ಕೆ ಎರಡು ಗಂಟೆ ಕೇಳುವವರಿಗೆ 3000 ಗಂಟೆಯೆಂದರೆ ನಾಲ್ಕು ವರ್ಷ. ಸಾಕೆಟಿನಿಂದ ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿ, ಬಯಾಸ್ (ಸಂಗೀತವಿಲ್ಲದಾಗಲೂ ಟ್ಯೂಬಿನಲ್ಲಿ ಹರಿಯುವ ವಿದ್ಯುತ್ತಿನ ಪ್ರಮಾಣ) ಸರಿಹೊಂದಿಸಿದರೆ ಆ ಕೆಲಸ ಮುಗಿಯಿತು. ಇದನ್ನು ಕೆಡುವುದು ಎನ್ನಲು ನನಗೆ ಮನಸ್ಸಾಗುವುದಿಲ್ಲ.

ನಿಜವಾದ ದೋಷವೂ ಟ್ಯೂಬಿನಲ್ಲಿ ಅನೇಕ ಸಲ ಕಣ್ಣಿಗೇ ಕಾಣುತ್ತದೆ. ಒಂದು ಸಂಜೆ ನನ್ನ ಆಂಪ್ಲಿಫೈಯರಿನ ನಾಲ್ಕು ಪವರ್ ಟ್ಯೂಬುಗಳ ಪೈಕಿ ಒಂದರ ಬೂದುಬಣ್ಣದ ಪ್ಲೇಟಿನ (ಎಲೆಕ್ಟ್ರಾನುಗಳು ಬಂದು ಸೇರುವ ಲೋಹದ ಭಾಗದ) ನಡುವೆ ನಾಣ್ಯದಷ್ಟಗಲ ಮಂದವಾದ ಕೆಂಪು ಮೂಡಿತು. ನೋಡನೋಡುತ್ತಿದ್ದಂತೆ ಅದು ಹಬ್ಬತೊಡಗಿದ್ದರಿಂದ ತಕ್ಷಣ ಆರಿಸಿದೆ. ಹೊಸ ಟ್ಯೂಬು ಹಾಕಿದರೂ ಅದೇ ಜಾಗದಲ್ಲಿ ಅದೇ ಕೆಂಪು. ಟ್ಯೂಬು ತೆಗೆದು ಆ ಸಾಕೆಟಿನ ಗ್ರಿಡ್ (ಎಲೆಕ್ಟ್ರಾನುಗಳ ಹರಿವನ್ನು ಹತೋಟಿಯಲ್ಲಿಡುವ ಭಾಗ) ಪಿನ್ನಿಗೆ ಮಲ್ಟಿಮೀಟರ್ ಇಟ್ಟಾಗ ಸೊನ್ನೆ ಇರಬೇಕಾದ ಕಡೆ 9 ವೋಲ್ಟ್ ತೋರಿಸಿತು: ಹಿಂದಿನ ಹಂತದಿಂದ ಸಂಗೀತದ ಸಂಕೇತವನ್ನಷ್ಟೇ ದಾಟಿಸಿ ಡಿಸಿಯನ್ನು (ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತನ್ನು) ತಡೆಯಬೇಕಾದ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿತ್ತು, ಅದರಿಂದ ಟ್ಯೂಬಿನಲ್ಲಿ ಮಿತಿಮೀರಿ ವಿದ್ಯುತ್ ಹರಿದು ಪ್ಲೇಟ್ ಕೆಂಪಾಗುತ್ತಿತ್ತು. ಟ್ಯೂಬಿನದು ತಪ್ಪೇ ಇರಲಿಲ್ಲ, ಆ ಒಂದು ಸಣ್ಣ ಬಿಡಿಭಾಗ ಬದಲಿಸಿದ್ದೇ ಎಲ್ಲವೂ ಸರಿಹೋಯಿತು.

ಟ್ರಾನ್ಸಿಸ್ಟರ್ ಆಂಪ್ಲಿಫೈಯರು ವರ್ಷಗಟ್ಟಲೆ ಚಕಾರವೆತ್ತದೆ ದುಡಿಯುತ್ತದೆ, ಆದರೆ ಕೆಡುವ ದಿನ ಮುನ್ಸೂಚನೆ ಕೊಡುವುದು ಅಪರೂಪ. ಔಟ್‌ಪುಟ್ ಟ್ರಾನ್ಸಿಸ್ಟರುಗಳು ಸಾಮಾನ್ಯವಾಗಿ ಶಾರ್ಟ್ ಆಗಿಯೇ ಸಾಯುತ್ತವೆ. ಆಗ ರಕ್ಷಣೆಗೆಂದು ಇಟ್ಟ ರಿಲೇ ಕೆಲಸ ಮಾಡದಿದ್ದರೆ ಪವರ್ ಸಪ್ಲೈಯ ಡಿಸಿ ನೇರವಾಗಿ ಸ್ಪೀಕರಿಗೆ ಹರಿದು ಅದರ ವಾಯ್ಸ್ ಕಾಯಿಲ್ (ಶಬ್ದ ಹುಟ್ಟಿಸುವ ತಂತಿಸುರುಳಿ) ಸುಟ್ಟುಹೋಗುತ್ತದೆ. ಹಂತಗಳು ಒಂದಕ್ಕೊಂದು ನೇರವಾಗಿ ಬೆಸೆದುಕೊಂಡಿರುವುದರಿಂದ ಒಂದು ಟ್ರಾನ್ಸಿಸ್ಟರ್ ಹೋಗುವಾಗ ಪಕ್ಕದ ಎರಡು ಮೂರನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಟ್ಯೂಬಿನದರಲ್ಲಿ ನಡುವೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇರುವುದರಿಂದ ಸ್ಪೀಕರಿಗೆ ಡಿಸಿ ತಲುಪುವುದಿಲ್ಲ. ಆದರೆ ಸ್ಪೀಕರ್ ಜೋಡಿಸದೆ ಜೋರಾಗಿ ನುಡಿಸಿದರೆ ಆ ಟ್ರಾನ್ಸ್‌ಫಾರ್ಮರಿನಲ್ಲೇ ವೋಲ್ಟೇಜ್ ಏರಿ ಸುರುಳಿಯ ನಿರೋಧಕ ಕವಚ ಒಡೆಯಬಹುದು, ಆಗ ಬೀಳುವ ಖರ್ಚು ಟ್ಯೂಬಿನ ಖರ್ಚಿನಂತಲ್ಲ.

ಎರಡಕ್ಕೂ ಸಮಾನ ಶತ್ರು ಬಿಸಿ. ಎರಡರಲ್ಲೂ ಇರುವ, ವಿದ್ಯುತ್ ಕೂಡಿಡುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಆಯಸ್ಸು ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ರೂಢಿಯ ಲೆಕ್ಕ. ಆದ್ದರಿಂದ ಕೆಪಾಸಿಟರುಗಳನ್ನು ಟ್ಯೂಬುಗಳಿಂದ ದೂರವಿಟ್ಟು ಕಟ್ಟಿದ ಮಾದರಿಯನ್ನೇ ಹುಡುಕಿ. ಮೇಲೆ, ಸುತ್ತ ಗಾಳಿಯಾಡಲು ಜಾಗ ಬಿಡಿ.

ಹಳೆಯದನ್ನು ಕೊಳ್ಳುವುದಾದರೆ ಪ್ರತಿ ಟ್ಯೂಬಿನ ಗಾಜಿನ ಒಳಗೆ ಕಾಣುವ ಬೆಳ್ಳಿಯ ಹೊಳಪಿನ ಮಚ್ಚೆಯನ್ನು ನೋಡಿ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ಅದನ್ನು ಬಳಸಲಾಗದು. ಆದರೆ ತಳದ ಮುಚ್ಚಳವನ್ನು ಮಾತ್ರ ನೀವಾಗಿ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ 400 ವೋಲ್ಟಿನವರೆಗೂ ಉಳಿದಿರಬಹುದು, ಅದು ಜೀವ ತೆಗೆಯಬಲ್ಲದು.